ಸೀಮೆಎಣ್ಣೆಯ ಕೆಮ್ಮು

ಮೊದಲೇ ಹೇಳಿಬಿಡುತ್ತೇನೆ, ಆ ವರ್ಷದ ಪೆದ್ದತನವೆಲ್ಲ ನನ್ನ ಬಾಯಿಂದಲೇ ಆದದ್ದು. ಕೈ ಒಂದು ನಟ್ಟನ್ನೂ ತಪ್ಪಾಗಿ ತಿರುಗಿಸಲಿಲ್ಲ, ಕಾಲು ಒಂದು ಬ್ರೇಕನ್ನೂ ತಪ್ಪಾಗಿ ಒತ್ತಲಿಲ್ಲ. ಬಾಯಿ ಮಾತ್ರ ಒಂದು ಬಂಗಲೆಯ ವೆರಾಂಡದಲ್ಲಿ ನಿಂತು ಚೆನ್ನಾಗಿ ಕೆಮ್ಮಿತು. ಎಲ್ಲರೂ ನಕ್ಕರು, ನಾನೂ ನಾಟಕದವನ ಹಾಗೆ ಬಗ್ಗಿ ನಮಸ್ಕಾರ ಮಾಡಿದೆ. ಆ ನಗು ಇಳಿಯುವ ಹೊತ್ತಿಗೆ ಒಬ್ಬನ ಅನ್ನ ಹೋಗಿತ್ತು.

ಮೊನ್ನೆ ಬಸ್ಸಿನಲ್ಲಿ ಇದೆಲ್ಲ ಮತ್ತೆ ಎದ್ದು ಬಂತು. ನಾನೀಗ ಮಡಿಕೇರಿಗೂ ಕುಶಾಲನಗರಕ್ಕೂ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರು. ದಾರಿಯಲ್ಲಿ ಒಂದು ಮದುವೆ ದಿಬ್ಬಣ ಹತ್ತಿತು. ಮದುಮಗಳ ಟ್ರಂಕನ್ನು ಮೇಲೆ ಹಾಕಲು ಬಿಡದೆ ಅವಳ ಅಜ್ಜಿ ತನ್ನ ಕಾಲ ಬಳಿಯೇ ಇಟ್ಟುಕೊಂಡಳು. ಬಸ್ಸು ಒಂದೆರಡು ತಿರುವು ದಾಟುವಷ್ಟರಲ್ಲಿ, ರೇಷ್ಮೆ ಬಟ್ಟೆಗೆ ಹುಳ ಬೀಳದಿರಲೆಂದು ಹಾಕುತ್ತಾರಲ್ಲ, ಆ ಬಿಳಿ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ನಾನು ಟಿಕೆಟು ಹರಿಯುವುದನ್ನು ಬಿಟ್ಟು ಹಿಂದಿನ ಕಿಟಕಿಗೆ ಓಡಿ, ಸೈಲೆನ್ಸರಿನಿಂದ ಯಾವ ಬಣ್ಣದ ಹೊಗೆ ಬರುತ್ತಿದೆ ಎಂದು ಬಗ್ಗಿ ನೋಡಿದೆ. ಕಂಡಕ್ಟರಿಗೇ ವಾಂತಿ ಬಂದಿದೆ ಎಂದುಕೊಂಡು ಅಜ್ಜಿ ಟ್ರಂಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಏನು ಕೆಟ್ಟರೂ ಅದನ್ನು ಮೈಸೂರಿನ ತಲೆಗೆ ಕಟ್ಟುವುದು ನಮ್ಮಲ್ಲಿ ರೂಢಿಯಾಗಿತ್ತು. ಟಪಾಲು ತಡವಾದರೆ ಮೈಸೂರು, ಕಾಫಿ ಗಿಡ ಅರಳಿಸುವ ಹೂಮಳೆ ತಪ್ಪಿದರೆ ಮೈಸೂರು, ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದದ್ದೂ ನನ್ನ ಲೆಕ್ಕದಲ್ಲಿ ಮೈಸೂರಿನಿಂದಲೇ. ಅಪ್ಪ ಆ ಲೆಕ್ಕ ಒಪ್ಪಲಿಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದ ಮನುಷ್ಯ, ಮಾತು ಕಡಿಮೆ. ಒಂದು ಚೀಲ ಅಕ್ಕಿಯ ಜೊತೆಗೆ ನನ್ನನ್ನೂ ಗಾಡಿಗೆ ಹಾಕಿ ಸುಂಟಿಕೊಪ್ಪದ ಅಕ್ಕನ ಮನೆಗೆ ಕಳಿಸಿದ. ಅಕ್ಕನ ಗಂಡ ಶಿವಣ್ಣ ಭಾವನಿಗೆ ಅಲ್ಲಿ ಸ್ವಂತ ಗ್ಯಾರೇಜು.

ಭಾವನನ್ನು ನೋಡಿದವರು ಯಾರೂ ಗ್ಯಾರೇಜಿನವನೆಂದು ಹೇಳುತ್ತಿರಲಿಲ್ಲ. ಬಿಳಿ ಷರ್ಟು, ಕಿವಿಯ ಮೇಲೆ ಪೆನ್ಸಿಲು, ಉಗುರಿನಲ್ಲಿ ಗ್ರೀಸಿನ ಗುರುತೂ ಇಲ್ಲ. ಮಿಲಿಟರಿ ವರ್ಕ್‌ಶಾಪಿನಲ್ಲಿ ಕಲಿತವನು. ಎಸ್ಟೇಟಿನ ಧಣಿಗಳಿಗೆ ಅವನೆಂದರೆ ಪ್ರಾಣ, ಯಾಕೆಂದರೆ ಆಗುವುದಿಲ್ಲ ಎಂಬ ಮಾತು ಅವನ ಬಾಯಲ್ಲಿ ಇರಲಿಲ್ಲ. ಯುದ್ಧದ ಕಾಲದ ಜೀಪಿಗೆ ಮುಚ್ಚಿದ ಬಾಡಿ ಕಟ್ಟಬೇಕೇ, ಹಳೇ ಕಾರಿಗೆ ಹೊಸ ಕಾರಿನ ಕಾರ್ಬುರೇಟರು ಕೂರಿಸಬೇಕೇ, ಮದುವೆಗೆ ಹೋಗುವಾಗ ಸಿಂಹದ ಹಾಗೆ ಗುಡುಗಲೆಂದು ಸೈಲೆನ್ಸರಿನ ಹೊಟ್ಟೆ ಬಗೆದು ತೆಗೆಯಬೇಕೇ, ಎಲ್ಲದಕ್ಕೂ ಭಾವ. ನಾನು ಅವನ ನಡಿಗೆ ಕಲಿತೆ, ಅವನ ಹಾಗೆ ಬೀಡಿ ತಟ್ಟುವುದು ಕಲಿತೆ, ಕಿವಿಯ ಮೇಲೆ ಪೆನ್ಸಿಲನ್ನೂ ಇಟ್ಟುಕೊಂಡೆ. ನನ್ನ ಕಿವಿ ಮಡಚಿದ ಕೆಸುವಿನೆಲೆಯ ಹಾಗಿರುವುದರಿಂದ ಅದು ನಿಲ್ಲುತ್ತಿರಲಿಲ್ಲ, ಅಷ್ಟೆ.

ಅಲ್ಲಿ ನನಗೆ ಸಿಕ್ಕ ಕೆಲಸ ಬೇರೆ ಯಾವ ಗ್ಯಾರೇಜಿನಲ್ಲೂ ಇದ್ದಿರಲಾರದು. ನಾನು ಚಿಕ್ಕಂದಿನಿಂದಲೂ ಅಣಕಿಸುವವನು. ಮೇಷ್ಟರು, ಅರ್ಚಕರು, ಎಮ್ಮೆ, ರೈಸ್ ಮಿಲ್ಲು, ಯಾವುದನ್ನೂ ಬಿಟ್ಟವನಲ್ಲ. ಇದು ಗೊತ್ತಾದ ಮೇಲೆ ಭಾವ ಎಸ್ಟೇಟುಗಳಿಗೆ ತಾನು ಹೋಗುವುದನ್ನೇ ಬಿಟ್ಟ. ನಾನು ಸೈಕಲ್ಲಿನಲ್ಲಿ ಹೋಗಿ, ಕೆಟ್ಟ ಗಾಡಿ ಸ್ಟಾರ್ಟ್ ಮಾಡಿಸಿ, ಪಕ್ಕದಲ್ಲಿ ಕೂತು ಕೇಳಿಕೊಂಡು ಬರಬೇಕು. ಆಮೇಲೆ ಗ್ಯಾರೇಜಿನಲ್ಲಿ ಭಾವನ ಕುರ್ಚಿಯ ಮುಂದೆ ನಿಂತು ಅದೇ ಶಬ್ದ ಮಾಡಬೇಕು. ನಾನು ಟಕಟಕ ಎಂದರೆ ಭಾವ ಟ್ಯಾಪೆಟ್ ಎನ್ನುತ್ತಿದ್ದ. ಖಣಲ್ ಎಂದರೆ ಬೇರಿಂಗು. ಏರಿನಲ್ಲಿ ಬೆಳ್ಳಿ ಚಮಚಗಳನ್ನು ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಕಿಣಿಕಿಣಿ ಎಂದರೆ ಪೆಟ್ರೋಲು ಸಿಲಿಂಡರಿನೊಳಗೆ ಹೊತ್ತಿಗೆ ಮೊದಲೇ ಹತ್ತಿಕೊಳ್ಳುತ್ತಿದೆ ಎಂದರ್ಥ. ಹೊಗೆಯ ಬಣ್ಣವನ್ನು ಮಾತ್ರ ಬಾಯಲ್ಲಿ ಹೇಳುತ್ತಿದ್ದೆ: ಕಪ್ಪಾದರೆ ಪೆಟ್ರೋಲು ಜಾಸ್ತಿ, ನೀಲಿಯಾದರೆ ಆಯಿಲ್ ಸುಡುತ್ತಿದೆ. ಎದುರಿನ ಚಾ ಅಂಗಡಿಯವರು ಗ್ಲಾಸು ಹಿಡಿದು ಬಂದು ನಿಲ್ಲುತ್ತಿದ್ದರು. ಊರಿನಲ್ಲಿ ನನ್ನನ್ನು ಸ್ಟೆಥಾಸ್ಕೋಪು ಎಂದು ಕರೆಯತೊಡಗಿದರು. ಭಾವ ಡಾಕ್ಟರು. ಈ ಜೋಡಿಯ ಬಗ್ಗೆ ನನಗಿದ್ದ ಜಂಬವನ್ನು ಹೊರಲು ಆ ಸೈಕಲ್ಲಿಗೆ ಇನ್ನೊಂದು ಕ್ಯಾರಿಯರ್ ಬೇಕಿತ್ತು.

ಚೆಟ್ಟಳ್ಳಿಯ ಕಡೆ ಮುದ್ದಪ್ಪನವರ ಕಾಫಿ ಎಸ್ಟೇಟು. ವಯಸ್ಸು ನಲವತ್ತರ ಒಳಗೆ, ಮನಸ್ಸು ಇನ್ನೂ ಸ್ಕೂಲಿನಲ್ಲಿ. ಅವರಲ್ಲಿ ಒಂದು ಪುಟ್ಟ ಹಸಿರು ವಿಲಾಯಿತಿ ಕಾರಿತ್ತು. ಅದನ್ನು ಓಡಿಸುತ್ತಿದ್ದವನು ಕಣ್ಣೂರಿನ ಕಡೆಯಿಂದ ಬಂದ ಕುಂಞರಾಮನ್, ನಮಗೆಲ್ಲ ಕುಂಞಣ್ಣ. ಎಸ್ಟೇಟಿನ ಆಳುಗಳ ಮನೆಸಾಲು, ಆ ಲೈನಿನಲ್ಲಿ ಕೊನೆಯ ಮನೆ, ಹೆಂಡತಿ ಮಕ್ಕಳೂ ಅಲ್ಲೇ. ಧಣಿ ಪಕ್ಕದಲ್ಲಿ ಕೂತಿದ್ದರೂ ಗೇರು ಬದಲಿಸುವಾಗ ಕಾರಿಗೆ ಮಲಯಾಳದಲ್ಲಿ ಸಮಾಧಾನ ಹೇಳುತ್ತಿದ್ದ. ಅದನ್ನು ನಾನು ಅಣಕಿಸಿದರೆ ಅವನೇ ತಿದ್ದುತ್ತಿದ್ದ, "ಅಲ್ಲ ಮೋನೆ, ಅಷ್ಟು ಮೂಗು ಬೇಡ," ಎಂದು. ಮೋನೆ ಎಂದರೆ ಮಗನೇ ಎಂದು. ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಅವನೇ.

ಮುದ್ದಪ್ಪನವರ ಆಸೆ ಒಂದೇ. ಕ್ಲಬ್ಬಿನ ಧಣಿಗಳು ಕ್ರಿಸ್ಮಸ್ ಹೊತ್ತಿಗೆ ಕಾರು ತಂದು ಮಡಿಕೇರಿಯ ಏರನ್ನು ಗೇರು ಇಳಿಸದೆ ಹತ್ತುವ ಪಂದ್ಯ ಕಟ್ಟುತ್ತಿದ್ದರು. ಪ್ರತಿ ವರ್ಷ ನಡುದಾರಿಯಲ್ಲಿ ಇವರ ಕಾರು ಏದುಸಿರು ಬಿಡುತ್ತಿತ್ತು. ಆ ವರ್ಷ ಮಳೆ ಬಿಟ್ಟದ್ದೇ ಭಾವ ಕಾರನ್ನು ಗ್ಯಾರೇಜಿಗೆ ತರಿಸಿ ಎಂಜಿನ್ನಿನ ತಲೆ ಬಿಚ್ಚಿ ಕೆಳಭಾಗವನ್ನು ತೇಯಿಸಿದ. ತಲೆ ತೆಳ್ಳಗಾದಷ್ಟೂ ಒಳಗಿನ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಸೈಲೆನ್ಸರಿನ ಹೊಟ್ಟೆಯೂ ಖಾಲಿಯಾಯಿತು. ಕಾರು ಬಾಣದ ಹಾಗೆ ಹೋಯಿತು, ಆದರೆ ಏರು ಬಂದರೆ ಚಮಚದ ಡಬ್ಬಿ. ಕೇಳಿಕೊಂಡು ಬಂದು ಭಾವನ ಮುಂದೆ ಕಿಣಿಕಿಣಿ ಎಂದೆ. ಅವನ ಮುಖದಲ್ಲಿ ಒಂದು ಕ್ಷಣ ಏನೋ ಇಳಿಯಿತು. ತಲೆಯನ್ನು ಅಳತೆ ಮೀರಿ ತೇಯಿಸಿದ್ದ. ತೇಯಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಹೊಸ ತಲೆ ಮದರಾಸಿನಲ್ಲೂ ಸಿಗುವುದು ಕಷ್ಟ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಭಾವ ಹೇಳಿದ್ದು, ಮೈಸೂರಿಗೆ ಸೇರಿದ ಮೇಲೆ ಬರುತ್ತಿರುವ ಪೆಟ್ರೋಲು ತೆಳ್ಳಗೆ, ಅದಕ್ಕೊಂದು ಮದ್ದು ಬೇಕು ಎಂದು. ಮುದ್ದಪ್ಪನವರು ಕೂಡಲೇ ಒಪ್ಪಿದರು. ಮೈಸೂರಿನ ಹೆಸರು ಹೇಳಿದರೆ ಯಾರು ಒಪ್ಪುತ್ತಿರಲಿಲ್ಲ?

ಮದ್ದು ಬಂತು. ಅರಗು ಹಾಕಿ ಮುಚ್ಚಿದ ಬಾಟಲಿ, ಒಳಗೆ ಸೊಗಸಾದ ಕೆಂಪು ದ್ರವ. ಹಡಗಿನಲ್ಲಿ ಮಂಗಳೂರಿಗೆ ಬಂದದ್ದು ಎಂದ ಭಾವ. ಪೆಟ್ರೋಲಿನ ಜೊತೆ ಟ್ಯಾಂಕಿಗೆ ಒಂದು ಬಾಟಲಿ. ಮೊದಲ ವಾರ ಕಿಣಿಕಿಣಿ ಕಡಿಮೆಯಾದಂತೆಯೇ ಅನಿಸಿತು, ಅಥವಾ ಅನಿಸಬೇಕು ಎಂದು ಎಲ್ಲರಿಗೂ ಆಸೆಯಿತ್ತು. ಇನ್ನೆರಡು ಎಸ್ಟೇಟಿನವರೂ ಕೊಂಡರು. ನಾನು ಹೋದಲ್ಲೆಲ್ಲ ಮದ್ದಿಗೆ ಮುಂಚಿನ ಶಬ್ದ, ಮದ್ದಿನ ನಂತರದ ಶಬ್ದ ಎಂದು ಮಾಡಿ ತೋರಿಸಿ ಮಾರಿಕೊಟ್ಟೆ. ಆಮೇಲೆ ಕಿಣಿಕಿಣಿ ವಾಪಸು ಬಂತು. ಒಂದು ಬಾಟಲಿ ಸಾಲದು, ಎರಡು ಹಾಕಿ ಎಂದ ಭಾವ. ಚಳಿ ಏರಿದ ಹಾಗೆ ಬಾಟಲಿಗಳೂ ಏರಿದವು. ಬೆಳಗ್ಗೆ ಕಾಫಿ ಹಣ್ಣು ಕೊಯ್ಯುವವರು ಚೀಲ ಹಿಡಿದು ಸಾಲಾಗಿ ಹೋಗುವಾಗ ಕುಂಞಣ್ಣ ಎಂಜಿನ್ನು ಹತ್ತಿಸಲು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಸೋತು ಕೂತಿರುತ್ತಿದ್ದ. ಕಾರ್ಬುರೇಟರು ಬಿಚ್ಚಿದರೆ ಪೆಟ್ರೋಲು ಚಿಮ್ಮುವ ಜೆಟ್ಟಿನ ಬಾಯಲ್ಲಿ ಕಲ್ಲುಸಕ್ಕರೆಯಂಥ ಬಿಳಿ ಹರಳು. ಇದು ಮಂಜು ಇರಬೇಕು ಎಂದು ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದೆ. ಹತ್ತಿಕೊಂಡರೆ ಬೂದುಬಣ್ಣದ ಹೊಗೆ, ಲೈನಿನ ದೀಪ ಆರಿಸಿದಾಗ ಬರುವಂಥ ವಾಸನೆ. ಈ ಮದ್ದು ಬೇಡ ಎಂದು ಕುಂಞಣ್ಣ ಧಣಿಗೆ ಎರಡು ಸಲ ಹೇಳಿದನಂತೆ.

ಪಂದ್ಯದ ದಿನ ಹಸಿರು ಕಾರು ಮೊದಲ ದೊಡ್ಡ ತಿರುವಿನಲ್ಲೇ ಹೊಗೆ ಉಗುಳಿ ನಿಂತಿತು. ಹಿಂದೆ ಬಂದ ಧಣಿಗಳು ಮೂಗಿಗೆ ಕರವಸ್ತ್ರ ಹಿಡಿದು, ಏನಪ್ಪ ಮುದ್ದಪ್ಪ, ಸ್ಟೌವ್ ತಂದಿದ್ದೀಯ ಎಂದು ಕೇಳಿ ದಾಟಿಹೋದರು.

ಅದರ ಮರುದಿನದಿಂದ ಭಾವ ನನಗೆ ಒಂದು ಹೊಸ ಶಬ್ದ ಕಲಿಸತೊಡಗಿದ. ಸೀಮೆಎಣ್ಣೆ ಬೆರೆತ ಎಂಜಿನ್ನಿನ ಕೆಮ್ಮು. ಮುದ್ದಪ್ಪನವರು ಬೇಜಾರಾಗಿದ್ದಾರೆ, ಬಂಗಲೆಯಲ್ಲಿ ನಗಿಸಬೇಕು ಎಂದ. ನಾನು ಕೆಮ್ಮಿದೆ. ಅವನು ತಿದ್ದಿದ: ಇಲ್ಲಿ ಒಂದು ತೇಗು ಬರಬೇಕು, ಇಲ್ಲಿ ಉಸಿರು ಕಟ್ಟಬೇಕು, ಆಕ್ಸಿಲರೇಟರ್ ಬಿಟ್ಟಾಗ ಒಂದು ಸಣ್ಣ ಪಟಾಕಿ. ಸೀಮೆಎಣ್ಣೆ ಕುಡಿದ ಎಂಜಿನ್ನು ಹೇಗೆ ಕೆಮ್ಮುತ್ತದೆಂದು ಇವನಿಗೆ ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಇಡೀ ಸುಂಟಿಕೊಪ್ಪದ ಸ್ಟೆಥಾಸ್ಕೋಪಿಗೆ ಎಂಜಿನ್ನುಗಳ ಎದೆಬಡಿತ ಕೇಳಿತು, ಡಾಕ್ಟರದು ಕೇಳಲಿಲ್ಲ.

ವೆರಾಂಡದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಮೇಸ್ತ್ರಿಗಳು, ಪಕ್ಕದ ತೋಟದ ಇಬ್ಬರು ಧಣಿಗಳು ಸೇರಿದ್ದರು. ಮೆಟ್ಟಿಲ ಕೆಳಗೆ ಕುಂಞಣ್ಣ. ನನ್ನನ್ನು ನೋಡಿ ಹುಬ್ಬು ಹಾರಿಸಿದ, ಇವತ್ತು ಯಾರ ಮರ್ಯಾದೆ ತೆಗೀತೀಯ ಎಂಬ ಹಾಗೆ. ಭಾವ ಬೆನ್ನು ತಟ್ಟಿದ. ಮೊದಲು ಒಳ್ಳೆ ಪೆಟ್ರೋಲಿನ ಎಂಜಿನ್ನು ಮಾಡಿದೆ, ತುಪ್ಪ ಸುರಿದ ಹಾಗೆ. ಆಮೇಲೆ ಕೆಮ್ಮಿದೆ. ತೇಗು, ಉಸಿರುಕಟ್ಟು, ಪಟಾಕಿ. ಮೇಸ್ತ್ರಿಗಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕುಂಞಣ್ಣನೂ ನಕ್ಕ. ಮುದ್ದಪ್ಪನವರು, ಹೌದು, ಅದೇ ಶಬ್ದ, ನನ್ನ ಕಾರಿನದ್ದೇ ಎಂದು ತೊಡೆ ತಟ್ಟಿಕೊಂಡರು.

ಆಗ ಭಾವ ಮೃದುವಾಗಿ ಮಾತು ತೆಗೆದ. "ಇದು ಸೀಮೆಎಣ್ಣೆ ಶಬ್ದ ಸಾರ್. ನಮ್ಮುಡುಗನ ಕಿವಿ ಸುಳ್ಳು ಹೇಳಾಕಿಲ್ಲ. ಯಾರೋ ಪೆಟ್ರೋಲ್ ಎತ್ತಿ ಎಣ್ಣೆ ತುಂಬ್ತಾವ್ರೆ."

ನಗು ಒಂದು ಮೂಲೆಯಿಂದ ನಿಲ್ಲುತ್ತ ಬಂತು. ಭಾವ ಟ್ಯಾಂಕಿನಿಂದ ಒಂದು ತೊಟ್ಟು ತೆಗೆದು ಪೇಪರಿನ ಮೇಲೆ ಬಿಟ್ಟ. ಪೆಟ್ರೋಲಾದರೆ ಆರಿ ಮಾಯವಾಗಬೇಕು, ಸೀಮೆಎಣ್ಣೆಯಾದರೆ ಜಿಡ್ಡು ಉಳಿಯುತ್ತದೆ. ಇದು ಎಲ್ಲ ಡ್ರೈವರುಗಳಿಗೂ ಗೊತ್ತಿರುವ ಪರೀಕ್ಷೆ. ಜಿಡ್ಡು ಉಳಿಯಿತು. ಮೇಸ್ತ್ರಿಯೊಬ್ಬ ಓಡಿಹೋಗಿ ಕುಂಞಣ್ಣನ ಮನೆಯಿಂದ ಸೀಮೆಎಣ್ಣೆಯ ಡಬ್ಬಿ ತಂದಿಟ್ಟ. ದೀಪ ಹಚ್ಚುವ ಯಾವ ಮನೆಯಲ್ಲಿ ಆ ಡಬ್ಬಿ ಇರಲಿಲ್ಲ? ಮುದ್ದಪ್ಪನವರು ಕೈ ಚಾಚಿದರು. ಕುಂಞಣ್ಣ ಕಾರಿನ ಕೀಲಿಯನ್ನು ಅದರ ಮೇಲಿಟ್ಟ. ಅವನು ನೋಡಿದ್ದು ಭಾವನನ್ನಲ್ಲ, ನನ್ನನ್ನು. ನನ್ನ ಮುಖದಲ್ಲಿ ಇನ್ನೂ ಆ ಕೆಮ್ಮಿನ ಆಕಾರ ಹಾಗೇ ಕೂತಿತ್ತು. ಬೇರೆ ಯಾವ ಮುಖ ಹಾಕಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ.

ಮನೆಗೆ ಬರುವಾಗ ಜೀಪಿನಲ್ಲಿ ಭಾವ ಸಿಳ್ಳೆ ಹಾಕುತ್ತಿದ್ದ. ಕುಂಞಣ್ಣ ಕದ್ದಿರಲಾರ ಎಂದೆ. ಮನುಷ್ಯರು ಎಂಜಿನ್ನಿನ ಹಾಗಲ್ಲ ಕಣೋ, ಹೊರಗಿಂದ ಕೇಳಿದ್ರೆ ಗೊತ್ತಾಗಾಕಿಲ್ಲ ಎಂದ. ಆ ಮಾತನ್ನು ಆಗ ಬುದ್ಧಿಮಾತು ಎಂದುಕೊಂಡು ನೆನಪಿಟ್ಟುಕೊಂಡೆ.

ಕೊಯ್ಲು ಮುಗಿಯುತ್ತ ಬಂದಾಗ ಅಕ್ಕ ಒಂದು ಮಧ್ಯಾಹ್ನ ನನ್ನನ್ನು ಕರೆದು ಬೈಯತೊಡಗಿದಳು. ಟ್ರಂಕಿಗೆ ಹಾಕಿದ ನುಸಿಗುಳಿಗೆಯನ್ನೆಲ್ಲ ಕದ್ದು ಯಾರಿಗೆ ಕೊಟ್ಟೆ ಎಂದು. ಅವಳ ಧಾರೆ ಸೀರೆ ಮಡಿಲ ಮೇಲಿತ್ತು, ಸೆರಗಿನ ತುಂಬ ಹುಳ ಕೊರೆದ ತೂತು. ಬೈಗುಳದ ನಡುವೆಯೇ ದೀಪಕ್ಕಿಟ್ಟ ಎಣ್ಣೆಯೂ ತಿಂಗಳು ಪೂರ್ತಿ ಬರುತ್ತಿಲ್ಲ ಎಂದಳು. ನಾನು ಹಿತ್ತಿಲಿನ ಸೌದೆ ಕೊಟ್ಟಿಗೆಗೆ ಹೋದೆ. ಅಲ್ಲಿಗೆ ಭಾವ ಯಾರನ್ನೂ ಬಿಡುತ್ತಿರಲಿಲ್ಲ, ಹಾವಿದೆ ಎನ್ನುತ್ತಿದ್ದ. ಸೌದೆಯ ಹಿಂದೆ ಒಂದು ಕೊಡ ಸೀಮೆಎಣ್ಣೆ, ಅದರಲ್ಲಿ ಕರಗುತ್ತಿದ್ದ ಗುಳಿಗೆಗಳು, ತಲೆ ಎಣ್ಣೆಗೆ ಬಣ್ಣ ಬರಲೆಂದು ಹಾಕುವ ಕೆಂಪು ಬೇರು, ಖಾಲಿ ಬಾಟಲಿಗಳು, ಒಂದು ತುಂಡು ಅರಗು. ಹಡಗು ಮಂಗಳೂರಿಗಲ್ಲ, ನಮ್ಮ ಹಿತ್ತಿಲಿಗೇ ಬಂದಿತ್ತು.

ಗ್ಯಾರೇಜಿಗೆ ಹೋಗಿ ಕೇಳಿದೆ. ಭಾವ ಬೆಚ್ಚಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು.

"ನಾನೇ ಮಾಡಿದ್ದು. ನಿಮ್ಮಪ್ಪ ವಿಲಾಯ್ತಿಯಿಂದ ಕಳಿಸ್ತಿದ್ನಾ?" ಎಂದ.

"ಕುಂಞಣ್ಣನ ಕೆಲ್ಸ ಹೋಯ್ತಲ್ಲ ಭಾವ."

"ಅವನಿಗೆ ಇನ್ನೊಂದು ಸ್ಟೇರಿಂಗ್ ಸಿಗ್ತದೆ. ತಲೆ ತೇಯಿಸಿ ಕೆಡಿಸ್ದೆ ಅಂತ ಗೊತ್ತಾದ್ರೆ ನನ್ನ ಗ್ಯಾರೇಜಿಗೆ ಯಾವನು ಬರ್ತಾನೆ? ನಿಮ್ಮಕ್ಕ ಏನು ತಿಂತಾಳೆ?" ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಹೋಗಿ ಹೇಳು ಬೇಕಾದ್ರೆ. ನೀನು ಬಾಯಿ ಬಿಟ್ರೆ ಜನ ನಗಾಕೆ ಕೂತಿರ್ತಾರೆ, ನಂಬಾಕಲ್ಲ."

ಭಾವನಿಗೆ ಎಂಜಿನ್ನು ಗೊತ್ತಿದ್ದಷ್ಟೇ ಚೆನ್ನಾಗಿ ನಾನೂ ಗೊತ್ತಿದ್ದೆ. ಚೆಟ್ಟಳ್ಳಿಗೆ ಸೈಕಲ್ಲು ತುಳಿದು ಮುದ್ದಪ್ಪನವರ ಮುಂದೆ ನಿಂತು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ, ಭಾವ ಆಡಿದ್ದನ್ನು ಹೇಳುವ ಜಾಗಕ್ಕೆ ಬಂದಾಗ, ನನ್ನ ಬಾಯಿ ತಾನಾಗಿಯೇ ಭಾವನ ದನಿಗೆ ಹೊರಳಿತು. ಬೇಡ ಬೇಡ ಎಂದರೂ ಕೈ ಕಿವಿಯ ಹತ್ತಿರ ಪೆನ್ಸಿಲು ಹುಡುಕಿತು. ಮುದ್ದಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಳಗಿನಿಂದ ಹೆಂಡತಿಯನ್ನು ಕರೆದು, "ಇವ ಶಿವಣ್ಣನ್ನ ಎಂತ ಮಾಡ್ತಾನೆ ನೋಡು," ಎಂದರು. ಅಳು ಬಂತು. ಅತ್ತರೆ ಅದೂ ಯಾರದೋ ಅಳುವಿನ ಹಾಗೆ ಕಾಣುತ್ತದೆಂದು ನುಂಗಿಕೊಂಡೆ.

ಬಾಯಿಯನ್ನು ನಂಬಿ ಪ್ರಯೋಜನವಿಲ್ಲ ಎಂದು ಗೊತ್ತಾಯಿತು. ಷೆಡ್ಡಿಗೆ ಹೋಗಿ, ಅವರೇ ಕೊಂಡು ಇಟ್ಟಿದ್ದ, ಅರಗು ಒಡೆಯದ ಒಂದು ಬಾಟಲಿ ತಂದೆ. ಧಣಿಯ ಕೈಯಲ್ಲೇ ಒಡೆಸಿದೆ. ಅವರ ಪೇಪರಿನ ಮೇಲೆ ಷೆಡ್ಡಿನ ಡ್ರಮ್ಮಿನ ಪೆಟ್ರೋಲಿನದು ಒಂದು ತೊಟ್ಟು, ಮದ್ದಿನದು ಒಂದು ತೊಟ್ಟು. ಮೂವರೂ ಬಗ್ಗಿ ನೋಡಿದೆವು. ಪೆಟ್ರೋಲು ಆರಿ ಹೋಯಿತು. ಮದ್ದು ಕೆಂಪಗೆ ಜಿಡ್ಡಾಗಿ ಹರಡಿ, ಬಿಸಿಲಿಗೆ ಅಂಚಿನಲ್ಲಿ ಬಿಳಿ ಪುಡಿ ಬಿಟ್ಟಿತು. ಮುದ್ದಪ್ಪನವರ ಹೆಂಡತಿ ಮೂಗು ಹತ್ತಿರ ತಂದು, ಇದು ನನ್ನ ಸೀರೆ ಪೆಟ್ಟಿಗೆಯ ವಾಸನೆ ಎಂದರು. ಯಾರೂ ನಗಲಿಲ್ಲ. ಮುದ್ದಪ್ಪನವರು ಆ ಪೇಪರನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದರು.

ಭಾವನ ಗ್ಯಾರೇಜಿನ ಮುಂದೆ ಗಾಡಿಗಳು ನಿಲ್ಲುವುದು ನಿಂತಿತು. ಯಾರೂ ಬಂದು ಜಗಳವಾಡಲಿಲ್ಲ, ಬರುವುದನ್ನೇ ಬಿಟ್ಟರು. ಮುಂಗಾರಿಗೆ ಮುಂಚೆ ಅವನು ಪಿರಿಯಾಪಟ್ಟಣದ ಕಡೆ ಹೊರಟ. ಅಕ್ಕ ಪಾತ್ರೆಗಳನ್ನು ಗೋಣಿಗೆ ತುಂಬುತ್ತ ನನ್ನ ಜೊತೆ ಮಾತಾಡಲಿಲ್ಲ. ಗಾಡಿ ಹೊರಟಾಗ ಭಾವ ನನ್ನ ಕಡೆ ತಿರುಗಿ, ಏನೂ ಆಗದವನ ಹಾಗೆ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡು ಎಂದು ಹೇಳಿಹೋದ. ಅವನು ತಪ್ಪಿತಸ್ಥನ ಹಾಗೆ ಒಂದು ಸಲ ತಲೆ ತಗ್ಗಿಸಿದ್ದರೆ ನಾನು ಅವನನ್ನು ದ್ವೇಷಿಸಬಹುದಿತ್ತು. ಇವತ್ತಿಗೂ ನಾನು ಎಲ್ಲರನ್ನೂ ಅಣಕಿಸುತ್ತೇನೆ, ಭಾವನೊಬ್ಬನನ್ನು ಬಿಟ್ಟು. ಅವನದು ಬಾಯಿಗೆ ಬರುವುದಿಲ್ಲ ಎಂದಲ್ಲ, ಬಂದುಬಿಡುತ್ತದೆ.

ಇದಕ್ಕೆಲ್ಲ ಮುಂಚೆ, ಆ ಪೇಪರಿನ ಪರೀಕ್ಷೆಯಾದ ವಾರದಲ್ಲೇ, ಮುದ್ದಪ್ಪನವರು ಕುಂಞಣ್ಣನನ್ನು ಕರೆತರಲು ನನ್ನನ್ನು ಕಳಿಸಿದ್ದರು. ಅವನು ದುಬಾರೆಯಲ್ಲಿ ಮರದ ಲಾರಿ ಓಡಿಸುತ್ತಿದ್ದ. ಹೊಳೆಯ ಆಚೆ ಆನೆಗಳು ದಿಮ್ಮಿ ಎಳೆದು ಹಾಕುತ್ತಿದ್ದವು. ಅವನು ಲಾರಿಯ ನೆರಳಲ್ಲಿ ಗಂಜಿ ಕುಡಿಯುತ್ತಿದ್ದ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ್ದಾನಂತೆ, ಇಲ್ಲಿ ಮಲಗುವುದು ಲಾರಿಯಲ್ಲೇ. ನಾನು ಭಾವನ ಕಥೆ ಹೇಳಿದೆ. ಎಲ್ಲ ತಿಳಿಯಿತು, ಅದೇ ಕೆಲಸ, ಅದೇ ಮನೆ, ಧಣಿ ಬಾ ಅಂದಿದ್ದಾರೆ ಎಂದೆ. ಅವನು ತಟ್ಟೆ ತೊಳೆದು, ಬೋರಲು ಹಾಕಿ, ಧಣಿ ಬಂದಿದ್ದಾರಾ ಎಂದು ದಾರಿಯ ಕಡೆ ನೋಡಿದ. ಇಲ್ಲ, ನನ್ನನ್ನು ಕಳಿಸಿದ್ದಾರೆ ಎಂದೆ. ಆಗ ಅವನು ಉತ್ತರ ಹೇಳಿದ. ಹೇಳಿ, ಇದನ್ನು ನನ್ನ ದನಿಯಲ್ಲಿ ಹೇಳಬೇಡ ಮೋನೆ, ನಿನ್ನದರಲ್ಲೇ ಹೇಳು ಎಂದ.

ವೆರಾಂಡದಲ್ಲಿ ಮುದ್ದಪ್ಪನವರು ಕಾಯುತ್ತಿದ್ದರು. ನಾನೊಬ್ಬನೇ ಬಂದದ್ದನ್ನು ನೋಡಿ, ಎಂತ ಹೇಳಿದ ಎಂದು ಕೇಳಿದರು. ಮೂಗಿನ ಮಾತಿಲ್ಲದೆ, ಕಣ್ಣೂರಿನ ರಾಗವಿಲ್ಲದೆ, ಕೈ ಎರಡನ್ನೂ ಹಿಂದೆ ಕಟ್ಟಿಕೊಂಡು, ಅವನ ಮಾತನ್ನು ಇದ್ದಂತೆಯೇ ಒಪ್ಪಿಸಿದೆ. ಅವರು ಯಾರನ್ನೂ ಕರೆಸಲಿಲ್ಲ. ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ನಾನು ಒಪ್ಪಿಸಿದ ಕುಂಞಣ್ಣನ ಮಾತು ಇಷ್ಟೇ:

"ಕಳ್ಳ ಅಂತ ಹೇಳ್ಲಿಕ್ಕೆ ಎಲ್ಲರನ್ನೂ ಕರೆಸಿ ವೆರಾಂಡದಲ್ಲಿ ಕೂರಿಸಿದ್ರಿ, ಅಲ್ಲ ಅಂತ ಹೇಳ್ಲಿಕ್ಕೆ ಒಬ್ಬ ಹುಡುಗನ್ನ ಸೈಕಲ್ಲಲ್ಲಿ ಕಳಿಸಿದ್ರಾ ಧಣಿ?"